ತಾರಸಿಯ ಇಪ್ಪತ್ತು ಸುತ್ತು

ಹನ್ನೊಂದು ವರ್ಷದ ಹುಡುಗ. ಪ್ರಣವ ಎಂದು ಕರೆಯೋಣ. ಹೆಸರು ಅವನದ್ದಲ್ಲ, ಗುರುತು ಹತ್ತಬಹುದಾದ ಉಳಿದ ವಿವರಗಳನ್ನೂ ಬದಲಿಸಿದ್ದೇನೆ. ಮುಂಬಯಿಯ ಮುಲುಂಡಿನಲ್ಲಿ, ಹಳೆಯ ಕಟ್ಟಡವೊಂದರಲ್ಲಿ ಮನೆ. ಕುಂದಾಪುರ ಕಡೆಯ ಕುಟುಂಬ. ತಂದೆ ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಮನೆ ಸೇರುವಾಗ ರಾತ್ರಿ ಹನ್ನೆರಡೂವರೆ. ಹುಡುಗನಿಗೆ ಟೈಪ್ 1 ಮಧುಮೇಹ, ಅಂದರೆ ದೇಹವೇ ಇನ್ಸುಲಿನ್ ತಯಾರಿಸದ ಬಗೆಯದು, ಪತ್ತೆಯಾಗಿ ಎರಡು ವರ್ಷ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್.

ತಾಯಿ ಅವನನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ಮಧುಮೇಹಕ್ಕಲ್ಲ, ಸುಳ್ಳಿಗೆ. ಡೈರಿಯಲ್ಲಿ ಬರೆದ ರಕ್ತದ ಸಕ್ಕರೆಯ ಅಂಕಿಗೂ ಗ್ಲೂಕೋಮೀಟರಿನಲ್ಲಿ ಉಳಿದಿದ್ದ ಅಂಕಿಗೂ ತಾಳೆಯಿರಲಿಲ್ಲ. ಯಂತ್ರದಲ್ಲಿ 286, ಡೈರಿಯಲ್ಲಿ ಮುದ್ದಾದ ಅಕ್ಷರದಲ್ಲಿ 142. “ಇವನು ಇಂಥವನಾಗಿರಲಿಲ್ಲ ಮೇಡಂ” ಎಂದು ಎರಡೆರಡು ಸಲ ಹೇಳಿದರು.

ತಾಯಿಯನ್ನು ಹೊರಗೆ ಕೂರಿಸಿ ಹುಡುಗನೊಂದಿಗೆ ಮಾತಿಗಿಳಿದೆ. ಸುಳ್ಳಿನ ಸುದ್ದಿ ಎತ್ತಲಿಲ್ಲ, ಆಟದ ಬಗ್ಗೆ ಕೇಳಿದೆ. ಮೊದಲು ಶಾಲೆಯ ಖೊ-ಖೊ ತಂಡದಲ್ಲಿದ್ದನಂತೆ. ಈಗ? ಬೆರಳ ತುದಿಯ ಚುಚ್ಚು ಕಲೆಗಳನ್ನು ಒಂದೊಂದಾಗಿ ಉಜ್ಜುತ್ತಾ ಹೇಳಿದ: “ಸಕ್ಕರೆ ಜಾಸ್ತಿ ಬಂದರೆ ಓಡಬೇಕು. ಕಡಿಮೆ ಬಂದರೆ ಆಡಬಾರದು. ಸರಿಯಿದ್ದರೆ ಓದಬೇಕು.”

ನಡೆದದ್ದಿಷ್ಟು. ಒಂದು ಮಧ್ಯಾಹ್ನ ಆಟದ ನಡುವೆ ಹುಡುಗ ಬೆವತು, ಕೈಕಾಲು ನಡುಗಿ, ಕುಸಿದು ಕುಳಿತಿದ್ದ. ಸಕ್ಕರೆ 52. ಗ್ಲೂಕೋಸ್ ಕುಡಿದು ಸ್ವಲ್ಪ ಹೊತ್ತಿಗೆ ಎದ್ದನಾದರೂ ತಾಯಿಯ ಎದೆಯಿಂದ ಆ ಮಧ್ಯಾಹ್ನ ಇಳಿಯಲೇ ಇಲ್ಲ. ಆಟ ಬಂದ್. ಆದರೆ ವ್ಯಾಯಾಮ ಬೇಕೆಂದು ಎಲ್ಲರೂ ಹೇಳುತ್ತಾರಲ್ಲ. ಅದಕ್ಕೆ ಕಟ್ಟಡದ ತಾರಸಿಯಲ್ಲಿ ಸುತ್ತು ಶುರುವಾಯಿತು. 200 ದಾಟಿದರೆ ಹತ್ತು ಸುತ್ತು, 250 ದಾಟಿದರೆ ಇಪ್ಪತ್ತು. ದಂಡ ಕಟ್ಟಲು ಮನಸ್ಸಿಲ್ಲದವನು ಲೆಕ್ಕ ತಿದ್ದಿದ. ದೊಡ್ಡವರು ಮಾಡುವುದೂ ಅದನ್ನೇ.

ತಾಯಿಗೆ ಮೊದಲು ಹೇಳಿದ್ದು, ಸುತ್ತು ಇಂದೇ ನಿಲ್ಲಲಿ ಎಂದು. ಹುಡುಗನ ಮನಸ್ಸಿಗಾಗಿ ಮಾತ್ರ ಅಲ್ಲ. ಸಕ್ಕರೆ 250ರ ಮೇಲಿದ್ದು, ದೇಹ ಸಕ್ಕರೆಯ ಬದಲು ಕೊಬ್ಬು ಕರಗಿಸುವಾಗ ಹುಟ್ಟುವ ಕೀಟೋನ್ ಕೂಡ ಕಂಡರೆ ದೇಹಕ್ಕೆ ಇನ್ಸುಲಿನ್ ಸಾಲುತ್ತಿಲ್ಲ ಎಂದರ್ಥ. ಆಗ ಓಡಿಸಿದರೆ ಸಕ್ಕರೆ ಇಳಿಯುವ ಬದಲು ಇನ್ನಷ್ಟು ಏರಬಹುದು, ಕೀಟೋನೂ ಹೆಚ್ಚುತ್ತದೆ. ಆ ಹೊತ್ತಿಗೆ ಬೇಕಾದವರು ವೈದ್ಯರು, ತಾರಸಿಯಲ್ಲ. “ಇಷ್ಟು ದಿನ ಓಡಿಸಿದೆನಲ್ಲ” ಎಂದು ಅವರು ಅತ್ತರು. ಅಳಲಿ ಎಂದು ಬಿಟ್ಟೆ. ಉಳಿದ ಮಾತು ಮುಂದಿನ ವಾರಕ್ಕೆ ಹೋಯಿತು.

ಇನ್ಸುಲಿನ್ ಎಷ್ಟು ಎನ್ನುವುದು ನನ್ನ ಕೆಲಸವಲ್ಲ. ಆಟದ ದಿನ ಏನೇನು ಮಾಡಬೇಕೆಂದು ವೈದ್ಯರಿಂದ ಬರೆಸಿಕೊಂಡು ಬನ್ನಿ ಎಂದೆ. ಬಂದ ಚೀಟಿಯನ್ನು ಹುಡುಗನಿಂದಲೇ ಓದಿಸಿದೆ. ಆಡುವ ಮುನ್ನ ನೋಡಬೇಕು. 90ಕ್ಕಿಂತ ಕೆಳಗಿದ್ದರೆ ತಿಂದು, ಏರಿದ ಮೇಲೆ ಆಟ. ಓಡುವ ಮುಂಚೆ ತೊಡೆಗೆ ಬೇಡ, ಹೊಟ್ಟೆಗೆ ಚುಚ್ಚಬೇಕು; ಓಡುವ ಕಾಲಿನಿಂದ ಇನ್ಸುಲಿನ್ ಬೇಗ ರಕ್ತಕ್ಕಿಳಿಯುತ್ತದೆ. 70ಕ್ಕಿಂತ ಇಳಿದರೆ ಆಟ ನಿಲ್ಲಿಸಿ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇದಕ್ಕೆಂದೇ ಅಜ್ಜಿ ಚೀಲಕ್ಕೆ ಹಾಕುತ್ತಿದ್ದ ಮೈಸೂರು ಪಾಕನ್ನು ತೆಗೆಸಬೇಕಾಯಿತು. ತುಪ್ಪವಿದ್ದಲ್ಲಿ ಸಕ್ಕರೆ ನಿಧಾನವಾಗಿ ಏರುತ್ತದೆ ಎಂದರೆ ಅಜ್ಜಿಗೆ ಈಗಲೂ ನಂಬಿಕೆಯಿಲ್ಲ.

ಖೊ-ಖೊ ಇದಕ್ಕೆ ಹೇಳಿಮಾಡಿಸಿದ ಆಟ. ಒಂದೊಂದು ಸರದಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಬಿಡುವಿನಲ್ಲಿ ಬೆರಳು ಚುಚ್ಚಿ ನೋಡಬಹುದು. ಪಂದ್ಯದ ಕಾವಿನಲ್ಲಿ ಅಡ್ರಿನಲಿನ್ ಹರಿದು ಸಕ್ಕರೆ ಏರುವುದೂ ಉಂಟು. ಆ ಅಂಕಿ ನೋಡಿ ಬೈಯಬೇಡಿ ಎಂದು ತಾಯಿಗೆ ಒತ್ತಿ ಹೇಳಿದೆ. ಹುಡುಗನಿಗೆ ಉತ್ಸಾಹ ತುಂಬಲು ವಾಸಿಂ ಅಕ್ರಂ ಕಥೆ ತೆಗೆದೆ: 1997ರಲ್ಲಿ ಮಧುಮೇಹ ಗೊತ್ತಾದರೂ 2003ರವರೆಗೆ ಪಾಕಿಸ್ತಾನಕ್ಕೆ ಆಡಿದ ವೇಗಿ. ಪ್ರಣವ ಗಂಭೀರವಾಗಿ ಕೇಳಿ, “ಅವರಿಗೆ ಖೊ-ಖೊ ಬರುತ್ತಿತ್ತಾ?” ಎಂದ. ಸಾಧಕರ ಕಥೆಗಳನ್ನು ಅಲ್ಲಿಗೆ ನಿಲ್ಲಿಸಿದೆ.

ತಾಯಿಯ ನಿಜವಾದ ಭಯ ರಾತ್ರಿಯದು. ಅದು ಸುಮ್ಮನೆ ಹುಟ್ಟಿದ್ದೂ ಅಲ್ಲ: ಚೆನ್ನಾಗಿ ಆಡಿದ ದಿನ, ದಣಿದ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆ ಹೀರುತ್ತಲೇ ಇರುವುದರಿಂದ ನಿದ್ದೆಯಲ್ಲಿ ಅಂಕಿ ಕುಸಿಯಬಹುದು. ಅವರು ಜಾಗರಣೆಯನ್ನೇ ರೂಢಿ ಮಾಡಿಕೊಂಡಿದ್ದರು. “ಹನ್ನೆರಡೂವರೆಗೆ ಮನೆಗೆ ಬರುವವರು ಒಬ್ಬರಿದ್ದಾರಲ್ಲ?” ಎಂದೆ. ಮಲಗುವ ಮುನ್ನಿನ ಪರೀಕ್ಷೆ ಅಮ್ಮನದು, ಒಂದು ಗಂಟೆಯದು ಅಪ್ಪಯ್ಯನದು ಎಂದಾಯಿತು. ಅವರು ಕೈಕಾಲು ತೊಳೆದು, ಊಟಕ್ಕೆ ಕೂರುವ ಮೊದಲು ಮಗನ ಬೆರಳು ಹಿಡಿಯುತ್ತಾರೆ. ಹುಡುಗನಿಗೆ ಎಚ್ಚರವೂ ಆಗುವುದಿಲ್ಲವಂತೆ.

ಎರಡು ತಿಂಗಳ ನಂತರದ ಡೈರಿಯಲ್ಲಿ ಕಾಗೆ ಕಾಲಿನಂಥ ಅಕ್ಷರದಲ್ಲಿ 264 ಇತ್ತು, 66 ಇತ್ತು. ಯಂತ್ರದಲ್ಲೂ ಅವೇ ಇದ್ದವು.

ಈಗ ಹುಡುಗನದ್ದೇ ಒಂದು ದೂರು. ಕಟ್ಟಡದ ಅಂಗಳದಲ್ಲಿ ಆಡುವಾಗ ಅಮ್ಮ ಮೂರನೆಯ ಮಹಡಿಯಿಂದ “ಸಕ್ಕರೆ ನೋಡಿದೆಯಾ?” ಎಂದು ಕೂಗುತ್ತಾರೆ. ಮರಾಠಿ, ಗುಜರಾತಿ ಗೆಳೆಯರೆಲ್ಲ ಆ ಒಂದು ಕನ್ನಡ ಪದ ಕಲಿತು, ಇವನು ಓಡುವಾಗಲೆಲ್ಲ “ಸಕ್ಕರೆ, ಸಕ್ಕರೆ” ಎಂದು ಕಿರುಚುತ್ತಾರೆ. ಕೂಗುವ ಬದಲು ಕಂಬಿಗೆ ಕೆಂಪು ಟವೆಲ್ ಹಾಕಿ ಎಂದು ತಾಯಿಗೆ ಹೇಳಿದ್ದೇನೆ. ಒಪ್ಪಿದ್ದಾರೆ, ಮಳೆಗಾಲ ಮುಗಿಯಲಿ ಎಂದಿದ್ದಾರೆ.