ಕ್ಯಾರವಾನಿನ ಸ್ಲೈಡ್-ಔಟ್ ಕೋಣೆ ಅರ್ಧಕ್ಕೆ ನಿಂತಿದೆ, ಮೋಟರ್ ಬದಲಾಯಿಸಲೇಬೇಕಾ?

ಹಂಪಿ ಕಡೆಯ ಸಾಣಾಪುರ ಕೆರೆ ಹತ್ತಿರ ಮೂರು ದಿನ ಗಾಡಿ ನಿಲ್ಲಿಸಿದ್ದಿರಿ. ಹೊರಡುವಾಗ ಬಟನ್ ಒತ್ತಿದರೆ, ಗಾಡಿಯ ಪಕ್ಕದಿಂದ ಹೊರಕ್ಕೆ ಒಳಕ್ಕೆ ಸರಿಯುವ ಕೋಣೆ (ಸ್ಲೈಡ್-ಔಟ್) ಅರ್ಧ ಒಳಗೆ ಬಂದು ನಿಂತಿದೆ. ಮುಂದಿನ ಮೂಲೆ ಬಂದಿದೆ, ಹಿಂದಿನ ಮೂಲೆ ಒಂದು ಗೇಣು ಹೊರಗೇ ಉಳಿದಿದೆ. ನೋಡಿದ ಮೆಕ್ಯಾನಿಕ್ ಮೋಟರ್ ಹೋಗಿದೆ ಅಂದರು. ಇಷ್ಟು ನೀವು ಬರೆದಿದ್ದೀರಿ.

ಮೊದಲು ಒಂದು ಮಾತು. ದಯವಿಟ್ಟು ಆ ಬಟನ್ ಮತ್ತೆ ಒತ್ತಬೇಡಿ. ಕೋಣೆ ಸೊಟ್ಟ ನಿಂತಿರುವಾಗ ಒತ್ತಿದಷ್ಟೂ ಹಳಿ ಬಾಗುತ್ತದೆ, ಗೋಡೆಯ ಅಂಚು ಸೀಳುತ್ತದೆ. ಆಗ ಖರ್ಚು ಎಲ್ಲಿಗೋ ಹೋಗುತ್ತದೆ.

ನಾನು ಬಳ್ಳಾರಿಯಲ್ಲಿ ಲಾರಿ, ಬಸ್ಸುಗಳ ವೈರಿಂಗ್ ಕೆಲಸ ಮಾಡುತ್ತೇನೆ. ಇಂಥ ಕೋಣೆ ಇರುವ ಗಾಡಿ ನಮ್ಮ ಕಡೆ ಅಪರೂಪ, ನನ್ನ ಕೈಗೆ ಬಂದಿದ್ದು ಎರಡೇ. ಆದರೆ ಅದರ ಒಳಗಿರುವುದು ನಮಗೆ ಗೊತ್ತಿರುವ ಸಾಮಾನೇ: 12 ವೋಲ್ಟ್ ಮೋಟರ್, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ, ಫ್ಯೂಸ್, ಹಲ್ಲಿನ ಪಟ್ಟಿ, ಅದರ ಮೇಲೆ ಉರುಳುವ ಸಣ್ಣ ಹಲ್ಲಿನ ಚಕ್ರ ಅಂದರೆ ಪಿನಿಯನ್.

ನಿಮ್ಮ ಗಾಡಿಯ ಕೆಳಗೆ ಬಗ್ಗಿ ನೋಡಿ. ಒಂದೇ ಮೋಟರ್ ಇದ್ದು, ಅದರಿಂದ ಒಂದು ಉದ್ದ ಶಾಫ್ಟ್ ಎರಡೂ ಕಡೆಗೆ ಹೋಗಿದೆಯಾ? ಹಾಗಿದ್ದರೆ ಮೋಟರ್ ಸತ್ತಿಲ್ಲ. ಸತ್ತಿದ್ದರೆ ಮುಂದಿನ ಮೂಲೆ ಹೇಗೆ ಒಳಗೆ ಬರುತ್ತಿತ್ತು, ಅಲ್ವಾ? ಹಿಂದಿನ ಪಿನಿಯನ್ ಹತ್ತಿರ ಶಾಫ್ಟಿಗೆ ಹಾಕಿರುವ ಸಣ್ಣ ಬೋಲ್ಟ್ ಅಥವಾ ಪಿನ್ ಮುರಿದಿರುವ ಸಾಧ್ಯತೆಯೇ ಜಾಸ್ತಿ. ಎಷ್ಟೋ ಗಾಡಿಗಳಲ್ಲಿ ಆ ಪಿನ್ ಇಟ್ಟಿರುವುದೇ ಮುರಿಯಲಿ ಅಂತ. ಏನಾದರೂ ಅಡ್ಡ ಬಂದಾಗ ಅದು ಮುರಿದು ಗೇರ್ ಉಳಿಸುತ್ತದೆ. ಹಾಗಾಗಿ ಅದೇ ಅಳತೆ, ಅದೇ ಗ್ರೇಡಿನದ್ದು ಹಾಕಿಸಿ. ಗಟ್ಟಿ ಇರಲಿ ಅಂತ ಬೇರೆ ಬೋಲ್ಟ್ ಹೊಡೆದರೆ ಮುಂದಿನ ಸಲ ಗೇರ್‌ಬಾಕ್ಸೇ ಒಡೆಯುತ್ತದೆ.

ಕೆಲವು ಗಾಡಿಗಳಲ್ಲಿ ಆ ಕೋಣೆಯ ಎರಡೂ ಪಕ್ಕದ ಗೋಡೆಯೊಳಗೆ ಒಂದೊಂದು ಸಣ್ಣ ಮೋಟರ್ ಇರುತ್ತದೆ. ಅಲ್ಲಿ ಒಂದು ಹಿಂದೆ ಬೀಳುವುದು ಆಗಾಗ ಆಗುತ್ತದೆ. ಬ್ಯಾಟರಿ ಇಳಿದಾಗ, ಗಾಡಿ ಓರೆ ನಿಂತಾಗ, ಒಂದು ಹಳಿಗೆ ಕಸ ಸಿಕ್ಕಾಗ ಜಾಸ್ತಿ. ಕೆರೆ ಪಕ್ಕ ಬಂಡೆ ನೆಲ. ಒಂದು ಚಕ್ರ ಮೇಲಿದ್ದರೂ ಚಾಸಿ ತಿರುಚಿಕೊಳ್ಳುತ್ತದೆ. ಗಾರೆ ಕೆಲಸದವರ ರಸಮಟ್ಟ ಒಂದು ತಂದು ಗಾಡಿಯೊಳಗಿನ ನೆಲದ ಮೇಲಿಟ್ಟು ನೋಡಿ. ಓರೆ ಇದ್ದರೆ ಜಾಕ್ ಕೊಟ್ಟು ಸಮ ಮಾಡಿ, ಆಮೇಲೆ ಉಳಿದದ್ದು. ಕೋಣೆಯೊಳಗೆ ಚಪ್ಪಲಿ, ಚಾಪೆ ಅಡಿಗೆ ಸಿಕ್ಕಿದೆಯಾ, ಮೇಲ್ಭಾಗದಲ್ಲಿ ಕಡ್ಡಿ, ಕಲ್ಲು ಇದೆಯಾ ಅಂತಲೂ ನೋಡಿ.

ಇನ್ನು ಕರೆಂಟಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಕಳೆಯುವುದು ಇಲ್ಲೇ. ನನ್ನ ಹತ್ತಿರ ಬಂದ ಮೊದಲ ಗಾಡಿಗೆ ಬೇರೊಂದು ಕಡೆ ಹೊಸ ಮೋಟರ್ ಹಾಕಿ ಕಳಿಸಿದ್ದರು. ಆದರೂ ಕೋಣೆ ತೆವಳುತ್ತಿತ್ತು. ಮೋಟರಿನ ವೈರ್ ಬಿಚ್ಚಿ ಮೀಟರ್ ಇಟ್ಟರೆ 12.5 ಬಂತು. ಚೆನ್ನಾಗಿದೆ ಅನಿಸಿತು. ವೈರ್ ಮತ್ತೆ ಜೋಡಿಸಿ, ಕೋಣೆ ಚಲಿಸುತ್ತಿರುವಾಗಲೇ ಮೀಟರ್ ಇಟ್ಟರೆ 9ಕ್ಕೆ ಇಳಿಯಿತು. ಅದೇ ಹೊತ್ತಿಗೆ ಬ್ಯಾಟರಿ ಮೇಲೆ 12.2 ಇತ್ತು. ಮೂರು ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು. ಹುಡುಕಿದರೆ ಚಾಸಿಯ ಅರ್ತ್ ಬೋಲ್ಟ್ (ನೆಗೆಟಿವ್ ವೈರ್ ಚಾಸಿಗೆ ಸೇರುವ ಜಾಗ) ಕೆಳಗೆ ತುಕ್ಕು, ಅದರ ಮೇಲೆ ಅದಿರಿನ ಕೆಂಪು ಧೂಳು. ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ಕೋಣೆ ಸಲೀಸಾಗಿ ಒಳಗೆ ಬಂತು. ಮೋಟರಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು, ಅವರ ಮುಖ ನೋಡಿ ನನಗೇ ಬೇಜಾರಾಯಿತು.

ಅದಕ್ಕೇ ನಿಮಗೂ ಹೇಳುವುದು. ಕೋಣೆ ಕೈಯಿಂದ ನೇರ ಆದ ಮೇಲೆ, ಮೋಟರ್ ತಿರುಗುತ್ತಿರುವಾಗ ಬ್ಯಾಟರಿಯಲ್ಲಿ ಎಷ್ಟು, ಮೋಟರಿನಲ್ಲಿ ಎಷ್ಟು ಅಂತ ಎರಡೂ ಅಳೆಯಿಸಿ. ಒಂದು ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರ್, ಅರ್ತ್, ರಿಲೇ ನೋಡಲಿ. ಮೂರು ದಿನ ಲೈಟು, ಫ್ಯಾನು ಅದೇ ಬ್ಯಾಟರಿಯಲ್ಲಿ ಓಡಿವೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6ರ ಹತ್ತಿರ ತೋರಿಸಬೇಕು. 12 ಅಂದರೆ ಬಹಳ ಇಳಿದಿದೆ, ಮೊದಲು ಚಾರ್ಜ್ ಮಾಡಿ. ಹ್ಯಾಂಡ್‌ಬ್ರೇಕ್ ಹಾಕದಿದ್ದರೆ, ಅಥವಾ ಇಂಜಿನ್ ಚಾಲೂ ಇದ್ದರೆ ಕೆಲವು ಗಾಡಿಗಳಲ್ಲಿ ಕೋಣೆ ಚಲಿಸುವುದೇ ಇಲ್ಲ, ಅದೂ ಗಮನದಲ್ಲಿರಲಿ.

ಒಂದೇ ಮೋಟರ್, ಉದ್ದ ಶಾಫ್ಟ್ ಇರುವ ಗಾಡಿಯಲ್ಲಿ ಕೋಣೆಯನ್ನು ಕೈಯಿಂದ ಒಳಗೆ ತರುವುದು ಹೀಗೆ: ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮೋಟರಿನ ಹಿಂದೆ ಬ್ರೇಕ್ ಲಿವರ್ ಇದ್ದರೆ ಸಡಿಲಿಸಿ, ಶಾಫ್ಟಿನ ತುದಿಗೆ ಪಾನಾ ಹಾಕಿ ನಿಧಾನ ತಿರುಗಿಸಿ. ಪಿನ್ ಮುರಿದಿದ್ದರೆ ಹಿಂದಿನ ಮೂಲೆಯನ್ನು ಇಬ್ಬರು ಹೊರಗಿನಿಂದ, ಕೆಳಭಾಗದಲ್ಲಿ ಅಂಗೈ ಇಟ್ಟು ತಳ್ಳಬೇಕು. ಒಮ್ಮೆಗೆ ಎರಡು ಬೆರಳಿನಷ್ಟು ಸಾಕು. ಒಳಗೆ ಯಾರೂ ಇರಬಾರದು, ಮಕ್ಕಳಂತೂ ಬೇಡವೇ ಬೇಡ. ಒಳಗೆ ಬಂದ ಮೇಲೆ ಬ್ರೇಕ್ ಲಿವರ್ ವಾಪಸ್ ಹಾಕಲು ಮರೆಯಬೇಡಿ. ಮರೆತರೆ ತಿರುವಿನಲ್ಲಿ ಕೋಣೆ ತಾನಾಗಿ ಹೊರಗೆ ಜಾರಬಹುದು. ಲಾಕ್ ರಾಡ್ ಇದ್ದರೆ ಅದನ್ನೂ ಹಾಕಿ.

ಹಲ್ಲಿನ ಪಟ್ಟಿಗೆ ಗ್ರೀಸ್ ಬಳಿಯಲು ಯಾರಿಗೂ ಬಿಡಬೇಡಿ. ನಮ್ಮ ಊರಿನ ಧೂಳು ಗ್ರೀಸಿಗೆ ಕೂತರೆ ಅದು ಹಲ್ಲನ್ನೇ ಅರೆಯುತ್ತದೆ. ಬ್ರಷ್‌ನಲ್ಲಿ ಉಜ್ಜಿ, ಒಣಗುವ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು. ಸುತ್ತಲಿನ ರಬ್ಬರ್ ಬೀಡಿಂಗಿಗೂ ಅದೇ. ಬಿಸಿಲಿಗೆ ಒಣಗಿದ ಬೀಡಿಂಗ್ ಗೋಡೆಗೆ ಅಂಟಿಕೊಂಡು ಕೋಣೆಯನ್ನು ಹಿಡಿದು ನಿಲ್ಲಿಸುತ್ತದೆ. ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬಳ್ಳಾರಿಗೆ ತರುವುದಾದರೆ ಕೋಣೆ ಪೂರ್ತಿ ಒಳಗೆ ಬರದೆ ಹೊರಡಬೇಡಿ. ಗಂಗಾವತಿ, ಕಂಪ್ಲಿ ದಾರಿ ಹಿಡಿದರೆ ಕಂಪ್ಲಿ ಸೇತುವೆ ಅಗಲ ಕಡಿಮೆ, ಎದುರಿಗೆ ಭತ್ತದ ಲಾರಿ ಬಂದೇ ಬರುತ್ತದೆ. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗ ಆ ಸೇತುವೆ ಮುಳುಗುತ್ತದೆ, ಮಳೆಗಾಲವಾದರೆ ವಿಚಾರಿಸಿಕೊಂಡು ಬನ್ನಿ.

ಮೋಟರ್ ಒಂದಾ ಎರಡಾ, ಮೀಟರಿನಲ್ಲಿ ಎಷ್ಟು ಬಂತು, ಇದನ್ನು ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಹೊಸ ಮೋಟರಿಗೆ ಅಡ್ವಾನ್ಸ್ ಕೊಡಬೇಡಿ.