ಕುರ್ಚಿ ಇಲ್ಲದವರು ಕೆಲಸ ಮಾಡಿಸುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಉಪನಾಲೆಯೊಂದರ ಕಟ್ಟಕಡೆಯಲ್ಲಿದೆ. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟಾಗಲೂ ನಮ್ಮ ತೂಬಿಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಮೇಲಿನವರನ್ನು ಕೇಳಿದರೆ ಜಗಳಕ್ಕೇ ಬರುತ್ತಾರೆ. ನಾನು ನೀರು ಬಳಕೆದಾರರ ಸಂಘದ ನಿರ್ದೇಶಕನಲ್ಲ, ಪಂಚಾಯಿತಿ ಮೆಂಬರೂ ಅಲ್ಲ. ಏನು ಮಾಡಲಿ?
– ರೈತ, ಮಳವಳ್ಳಿ ತಾಲ್ಲೂಕು

ಉತ್ತರ: ಮೊದಲು ನೀರು ಅಳೆಯಿರಿ. ‘ನೀವು ನೀರು ಕದೀತೀರಿ’ ಎಂದರೆ ಜಗಳ ಖಚಿತ. ‘ಸೇತುವೆಯಿಂದ ಈ ತೂಬಿನವರೆಗೆ ಇಷ್ಟು ನೀರು ಕಡಿಮೆಯಾಗಿದೆ, ಎಲ್ಲಿ ಹೋಯಿತೋ ನೋಡೋಣ ಬನ್ನಿ’ ಎಂದರೆ ಎದುರಿನವರೂ ನಾಲೆ ಏರಿಯ ಮೇಲೆ ನಿಮ್ಮ ಜೊತೆ ನಡೆಯುತ್ತಾರೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಟೇಪು, ಕೋಲು, ಮೊಬೈಲು, ಒಂದು ಕಿತ್ತಳೆ ಹಣ್ಣು ಸಾಕು.

ನಾಲೆ ನೆಟ್ಟಗೆ ಹರಿಯುವ, ಜೊಂಡು ಇಲ್ಲದ 10 ಮೀಟರ್ ಜಾಗ ಗುರುತು ಮಾಡಿ. ಅಲ್ಲಿ ಮೂರು ಕಡೆ ಅಗಲ, ಮೂರು ಕಡೆ ಆಳ ಅಳೆದು ಸರಾಸರಿ ತೆಗೆಯಿರಿ. ನಾಲೆ ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಎರಡರ ಸರಾಸರಿಯೇ ಅಗಲ. ಹಣ್ಣನ್ನು ನಡುನೀರಿನಲ್ಲಿ ಬಿಟ್ಟು 10 ಮೀಟರ್ ದಾಟಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಐದು ಸಲ ನೋಡಿ. ಮೇಲ್ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ 1.2 ಮೀಟರ್, ಆಳ 0.4 ಮೀಟರ್, ಸಮಯ 25 ಸೆಕೆಂಡು ಎಂದುಕೊಳ್ಳಿ. 10ನ್ನು 25ರಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 0.4 ಮೀಟರ್, ಅದನ್ನು 0.85ರಿಂದ ಗುಣಿಸಿದರೆ 0.34, ಅದನ್ನು ಅಗಲ, ಆಳ ಗುಣಿಸಿ ಬಂದ 0.48 ಚದರ ಮೀಟರ್‌ನಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 163 ಲೀಟರ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ಹಾಗಾಗಿ ಇದು ಸುಮಾರು 5.8 ಕ್ಯೂಸೆಕ್.

ಉಪನಾಲೆಯ ತಲೆ, ನಡು, ಕೊನೆ, ಮೂರೂ ಕಡೆ ಒಂದೇ ದಿನ ಅಳೆಯಿರಿ. ನೀರು ಬಿಟ್ಟ ಮೊದಲ ದಿನ ಬೇಡ, ಒಣಗಿದ ನಾಲೆಯೇ ನೀರು ಕುಡಿಯುತ್ತಿರುತ್ತದೆ. ಮಟ್ಟ ನಿಂತ ಮೇಲೆ ಅಳೆಯಿರಿ. ಗಾಳಿ ಜೋರಿದ್ದರೆ ಲೆಕ್ಕ ಕೆಡುತ್ತದೆ. ನಡುವೆ ತೆರೆದಿರುವ ತೂಬುಗಳನ್ನೆಲ್ಲ ಬರೆದುಕೊಳ್ಳಿ, ಅವು ನ್ಯಾಯವಾಗಿ ಎಳೆಯುವ ನೀರನ್ನು ಕಳೆಯದೆ ಯಾರನ್ನೂ ದೂರಬೇಡಿ. ತೆರೆದ ತೂಬೇ ಇಲ್ಲದ ಕಡೆ ನೀರು ಇಳಿದಿದ್ದರೆ ಕಾರಣ ಸಾಮಾನ್ಯವಾಗಿ ಹೂಳು, ಜೊಂಡು, ಇಲ್ಲವೇ ಏರಿಯ ಬಿರುಕು. ಅದನ್ನು ಸರಿಮಾಡುವುದಕ್ಕೆ ಯಾರ ವಿರೋಧವೂ ಇರುವುದಿಲ್ಲ. ಕಟ್ಟಿನ ನಡುವೆ ನೀರು ನಿಲ್ಲಿಸಿದ ದಿನಗಳಲ್ಲಿ ನಾಲ್ಕು ಜನ ಸೇರಿ ಜೊಂಡು ಕೊಯ್ದು ಮತ್ತೆ ಅಳೆಯಿರಿ.

ಲೆಕ್ಕವನ್ನು ಮೊದಲು ತೋರಿಸಬೇಕಾದ್ದು ನಾಲೆ ನೀರು ಹಂಚುವ ನೀರುಗಂಟಿಗೆ, ಅದೂ ಒಬ್ಬರೇ ಇದ್ದಾಗ. ಮೇಲಿನವರೂ ಕೆಳಗಿನವರೂ ಬೈಯುವುದು ಅವರನ್ನೇ. ಅವರ ಹೊರೆ ಇಳಿಸುವ ಮಾತಾಡಿ, ಕೈಕಟ್ಟುವ ಮಾತಲ್ಲ.

ಮೇಲಿನವರು ಗದ್ದೆ ತುಂಬಿಸಿಕೊಳ್ಳುವುದು ಬಹುಪಾಲು ದುರಾಸೆಯಿಂದಲ್ಲ, ಮುಂದಿನ ಕಟ್ಟು ಯಾವಾಗಲೋ ಎಂಬ ಅಂಜಿಕೆಯಿಂದ. ನೀರಾವರಿ ಕಚೇರಿಯಲ್ಲಿ ನೀರು ಬಿಡುವ ಮತ್ತು ನಿಲ್ಲಿಸುವ ದಿನಾಂಕ ಕೇಳಿ ತಂದು ಡೇರಿಯ ಬೋರ್ಡಿನ ಮೇಲೆ ಬರೆಯಿಸಿ. ಬೆಳಿಗ್ಗೆ ಸಂಜೆ ಊರಿಗೆ ಊರೇ ಅಲ್ಲಿಗೆ ಬರುತ್ತದೆ. ದಿನಾಂಕ ಬದಲಾದರೆ ಅವತ್ತೇ ತಿದ್ದಿ. ಒಂದು ಸಲ ತಪ್ಪು ದಿನಾಂಕ ಉಳಿದರೆ ಬೋರ್ಡನ್ನು ಮತ್ತೆ ಯಾರೂ ನಂಬುವುದಿಲ್ಲ.

ಮೇಲಿನ ಒಬ್ಬ ರೈತರನ್ನಾದರೂ ಒಂದೇ ಮಡಿಯಲ್ಲಿ ನೀರು ಕಟ್ಟಿ ಆರಿಸುವ ಕ್ರಮ ನೋಡಲು ಒಪ್ಪಿಸಿ. 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ಕೆಳಗಿನ 20 ಸೆಂ.ಮೀ.ಗೆ ಸುತ್ತಲೂ ತೂತು ಕೊರೆದು, ಅಷ್ಟನ್ನೂ ಮಣ್ಣಿನೊಳಗೆ ಇಳಿಸಿ, ಪೈಪಿನ ಒಳಗಿನ ಮಣ್ಣು ತೆಗೆಯಬೇಕು. ಒಳಗೆ ನೀರು ಗದ್ದೆಯ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ಕಟ್ಟಿದರೆ ಸಾಕು, ಇಳುವರಿ ಇಳಿಯುವುದಿಲ್ಲ. ನಾಟಿಯಾದ ಮೊದಲ ಎರಡು ವಾರ ಮತ್ತು ಹೂ ಬರುವುದಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಮಾತ್ರ ಆರಿಸಬಾರದು. ಈ ಕ್ರಮ ಸೋಲುವುದು ಬಹಳವಾಗಿ ಕಳೆಯಿಂದ. ಕಳೆ ಎದ್ದಿದ್ದರೆ ಇನ್ನೂ ಎರಡು ಮೂರು ವಾರ ನೀರು ನಿಲ್ಲಿಸಿಯೇ ಶುರುಮಾಡಿ. ಪೈಪನ್ನು ರಸ್ತೆ ಬದಿಯ ಮಡಿಯಲ್ಲೇ ಹೂಳಿಸಿ. ಹೋಗಿಬರುವವರು ಇಣುಕಿ ನೋಡಲಿ.

ತೂಬು ಒಡೆಯುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ ಎಂಬುದು ನಿಜ. ಆದರೆ ದೂರು ಕೊಟ್ಟ ಮೇಲೆ ಊರೊಳಗಿನ ಮಾತುಕತೆ ವರ್ಷಗಟ್ಟಲೆ ನಿಂತುಹೋಗುತ್ತದೆ. ಅದನ್ನು ಕಡೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮೈಸೂರು 2015, 2016ರ ಸ್ವಚ್ಛತೆ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲು ಬಂದ ಊರು. ನಮ್ಮ ಬೀದಿಯಲ್ಲಿ ಮಾತ್ರ ಹಸಿ ಕಸ, ಒಣ ಕಸ ಎಲ್ಲ ಒಂದೇ ಚೀಲ. ನಾನು ಸಂಘದ ಪದಾಧಿಕಾರಿಯಲ್ಲ. ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ ಹೆಬ್ಬೆರಳು ಬರುತ್ತದೆ, ಕಸ ಬದಲಾಗುವುದಿಲ್ಲ.
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಗುಂಪನ್ನು ಬಿಡಿ, ನಿಮ್ಮ ಅಕ್ಕಪಕ್ಕದ ಐದು ಮನೆ ಹಿಡಿಯಿರಿ. ಅದಕ್ಕೂ ಮೊದಲು ಬೆಳಿಗ್ಗೆ ಕಸ ತೆಗೆದುಕೊಳ್ಳಲು ಬರುವ ಪೌರಕಾರ್ಮಿಕರನ್ನು, ‘ಅಕ್ಕಾ, ನಮ್ಮ ಬೀದಿ ಕಸದಲ್ಲಿ ನಿಮಗೆ ಹೆಚ್ಚು ತೊಂದರೆ ಕೊಡೋದು ಯಾವುದು?’ ಎಂದು ಕೇಳಿ. ಸಾಮಾನ್ಯವಾಗಿ ಬರುವ ಉತ್ತರ ಡೈಪರ್, ಪ್ಯಾಡ್, ಒಡೆದ ಗಾಜು. ಹಾಗಾದರೆ ಶುರು ಅಲ್ಲಿಂದಲೇ ಆಗಲಿ: ಪ್ಯಾಡು, ಡೈಪರನ್ನು ಹಳೆ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡುವುದು, ಗಾಜನ್ನು ರಟ್ಟಿನ ಡಬ್ಬದಲ್ಲಿ ಕೊಡುವುದು. ಮನೆಯವರಿಗೆ ಇದು ದಿನಕ್ಕೆ ಒಂದು ನಿಮಿಷದ ಕೆಲಸ, ಆ ಅಕ್ಕನಿಗೆ ಕೈ ಕೊಯ್ಯದೆ ಇರುವ ಮಾತು. ಹಸಿ-ಒಣ ಅದರ ಹಿಂದೆ ಬರಲಿ. ಒಂದೇ ಸಲ ಎಲ್ಲ ಹೇಳಿದರೆ ಯಾವುದೂ ನಿಲ್ಲುವುದಿಲ್ಲ.

ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರೆ ಬೇರ್ಪಡಿಸಿದ್ದು ದಂಡ. ಬಕೆಟ್ಟಿನ ತಳಕ್ಕೆ ಪೇಪರ್ ಹಾಸಿ, ಹಾಗೇ ಸುರಿಯಿರಿ. ಜನ ಕೈಬಿಡುವುದು ‘ನಾವು ಬೇರೆ ಮಾಡಿದ್ದನ್ನು ಗಾಡಿಯಲ್ಲಿ ಒಂದೇ ಮಾಡುತ್ತಾರೆ’ ಎಂಬುದನ್ನು ಕಣ್ಣಾರೆ ಕಂಡಾಗ. ಇದು ಗಾಡಿಯವರ ಸೋಮಾರಿತನ ಅಲ್ಲದಿರಬಹುದು. ಗಾಡಿಯಲ್ಲಿ ಹಸಿ, ಒಣ ಕಸಕ್ಕೆ ಬೇರೆ ಬೇರೆ ಅರೆ (ವಿಭಾಗ) ಇಲ್ಲದೆ ಒಂದೇ ಇದ್ದರೆ ಅವರಾದರೂ ಏನು ಮಾಡಿಯಾರು? ವಾರವಿಡೀ ಗಾಡಿ ಬಂದ ಹೊತ್ತು, ಬೇರೆ ಬೇರೆ ಅರೆ ಇತ್ತೇ ಇಲ್ಲವೇ ಎಂಬುದನ್ನು ಬರೆದಿಟ್ಟು, ಐದೂ ಮನೆಯವರ ಸಹಿ ಹಾಕಿ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಕೊಡಿ. ಪತ್ರದಲ್ಲಿ ಪೌರಕಾರ್ಮಿಕರ ಹೆಸರು ಬೇಡ, ಪೆಟ್ಟು ಅವರ ಮೇಲೇ ಬೀಳುತ್ತದೆ.

ಪ್ರಶ್ನೆ: ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ. ಕೇಳಿದರೆ ಉತ್ತರವಿಲ್ಲ. ನಾನಿನ್ನೂ ಡಿಗ್ರಿ ವಿದ್ಯಾರ್ಥಿನಿ.
– ಪಾಂಡವಪುರ ತಾಲ್ಲೂಕು

ಉತ್ತರ: ಮೊದಲು ಪಂಚಾಯಿತಿಗೆ ಒಂದು ಪುಟದ ಮನವಿ ಕೊಟ್ಟು ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಯಿಸಿ. ಆಗಲೂ ಕದಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ರಿಪೇರಿ ಮಾಡಿಲ್ಲ?’ ಎಂದು ಕೇಳಬೇಡಿ. ‘ಯಾಕೆ’ ಎಂಬುದು ದಾಖಲೆಯಲ್ಲ ಎಂದು ಹಿಂದಕ್ಕೆ ಬರುತ್ತದೆ. ‘ಘಟಕದ ನಿರ್ವಹಣೆ ಒಪ್ಪಂದದ ನಕಲು, ಕಳೆದ ಎರಡು ವರ್ಷ ಪಾವತಿಸಿದ ಬಿಲ್ಲುಗಳ ನಕಲು’ ಎಂದು ಕೇಳಿ. ಒಪ್ಪಂದ ಕೈಗೆ ಬಂದರೆ ರಿಪೇರಿ ಯಾರ ಹೊಣೆ ಎಂಬುದು ಅದರಲ್ಲೇ ಇರುತ್ತದೆ, ಮುಂದಿನ ಮನವಿ ನೇರ ಅವರಿಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅರ್ಜಿ ಕಳಿಸಿದ ಅಂಚೆ ರಸೀದಿಯನ್ನು ಅಲ್ಲಿಯವರೆಗೂ ಜೋಪಾನ ಮಾಡಿ.