ಓದುಗರ ಪ್ರಶ್ನೆ, ಅಕ್ಕನ ಉತ್ತರ: ಒಂದೇ ದಿನಕ್ಕೆ ಹನ್ನೊಂದು ಜಾಗ ಆಗುತ್ತಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ದಾವಣಗೆರೆಯವಳು, ಲೀಡ್ಸ್‌ನಲ್ಲಿ ಎಂ.ಎಸ್‌ಸಿ ಮಾಡ್ತಿದೀನಿ. ಬಂದು ಎಂಟು ತಿಂಗಳಾದ್ರೂ ಲಂಡನ್ ನೋಡಿಲ್ಲ ಅಂದ್ರೆ ಊರಲ್ಲಿ ಯಾರೂ ನಂಬಲ್ಲ. ಜೂನ್‌ನಲ್ಲಿ ಒಂದು ಶನಿವಾರ ಬಿಡುವಿದೆ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರ್ಬೇಕು. ರೀಲ್ಸ್ ನೋಡ್ಕೊಂಡು ಲಿಸ್ಟ್ ಮಾಡಿದೀನಿ: ಬಿಗ್ ಬೆನ್, ಲಂಡನ್ ಐ, ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ, ಬ್ರಿಟಿಷ್ ಮ್ಯೂಸಿಯಂ, ಮೇಡಂ ಟುಸಾಡ್ಸ್, ಕ್ಯಾಮ್ಡನ್, ಹೈಡ್ ಪಾರ್ಕ್, ಕೋವೆಂಟ್ ಗಾರ್ಡನ್, ಗ್ರೀನಿಚ್, ಆಕ್ಸ್‌ಫರ್ಡ್ ಸ್ಟ್ರೀಟ್. ರೈಲು ಟಿಕೆಟ್ ಬಿಟ್ಟು ಕೈಯಲ್ಲಿ 40 ಪೌಂಡ್ ಇರುತ್ತೆ. ಯಾವ ಆರ್ಡರ್‌ನಲ್ಲಿ ಹೋಗ್ಲಿ?

ಉತ್ತರ: ಯಾವ ಆರ್ಡರ್‌ನಲ್ಲೂ ಬೇಡಮ್ಮಾ. ಇದು ಲಿಸ್ಟ್ ಅಲ್ಲ, ಬೆಳಿಗ್ಗೆ ಕಟೀಲು ಮಧ್ಯಾಹ್ನ ಧರ್ಮಸ್ಥಳ ರಾತ್ರಿ ಸುಬ್ರಹ್ಮಣ್ಯ ಅನ್ನೋ ಪ್ಯಾಕೇಜ್ ಟೂರು, ಇಳಿ ಕೈಮುಗಿ ಹತ್ತು. 2018ರಲ್ಲಿ ನಾನೂ ಸ್ಟೂಡೆಂಟ್ ಆಗಿದ್ದಾಗ ಇದೇ ಮಾಡ್ದೆ, ಒಂಬತ್ತು ಜಾಗ ಮುಗಿಸ್ದೆ, ಸಂಜೆ ಕೋಚ್ ಹಿಡಿಯೋಕೆ ಓಡಿ ಅದನ್ನೂ ತಪ್ಪಿಸ್ಕೊಂಡು ಬಸ್ ಸ್ಟೇಷನ್ ಬೆಂಚಲ್ಲಿ ಕೂತ್ಕೊಂಡು ಫೋಟೋ ನೋಡ್ತಿದ್ರೆ ಅರ್ಧದಷ್ಟು ಯಾವ ಜಾಗದ್ದು ಅಂತ್ಲೇ ಗೊತ್ತಾಗ್ಲಿಲ್ಲ. ಎರಡನೇ ಸಲ ಹೋದಾಗ ಮೂರೇ ಮೂರು ಕಡೆ ಹೋದೆ. ಅದನ್ನೇ ನಿಂಗೆ ಹೇಳ್ತೀನಿ.

ರೈಲಿಗೆ 16-25 ರೈಲ್‌ಕಾರ್ಡ್ ಮಾಡಿಸ್ಕೋ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಮ್ಮಿ ಆಗುತ್ತೆ. ಕಿಂಗ್ಸ್ ಕ್ರಾಸ್‌ಗೆ ಎರಡೂಕಾಲು ಗಂಟೆ ಹಾದಿ. ಇಳಿದು ಅಲ್ಲೇ ಕೆಳಗೆ ಟ್ಯೂಬ್, ಅಂದ್ರೆ ಅಲ್ಲಿನ ಮೆಟ್ರೋದ, ಪಿಕಡಿಲಿ ಲೈನ್ ಹಿಡಿದ್ರೆ ಸೀದಾ ಸೌತ್ ಕೆನ್ಸಿಂಗ್‌ಟನ್. ಟ್ಯೂಬ್‌ನಲ್ಲಿ ದಿನಕ್ಕಿಷ್ಟು ಅಂತ ಒಂದು ಮಿತಿ ಇದೆ, ಅಷ್ಟಾದ್ಮೇಲೆ ಎಷ್ಟು ಓಡಾಡಿದ್ರೂ ದುಡ್ಡು ಕಟ್ ಆಗಲ್ಲ, ಆದ್ರೆ ಒಂದ್ಸಲ ಫೋನು ಒಂದ್ಸಲ ಕಾರ್ಡು ಅಂತ ಗೇಟಿಗೆ ಮುಟ್ಟಿಸ್ಬೇಡ, ಬೇರೆ ಬೇರೆ ಮನುಷ್ಯರು ಅಂದ್ಕೊಂಡು ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತೆ.

ಸೌತ್ ಕೆನ್ಸಿಂಗ್‌ಟನ್‌ನಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, 10 ಗಂಟೆಗೆ ಬಾಗಿಲು ತೆಗೀತಾರೆ, ಒಳಗೆ ಹೋಗೋಕೆ ಕಾಸಿಲ್ಲ. ಅಲ್ಲಿ ಇರೋದು ಟಿಪ್ಪುವಿನ ಹುಲಿ. ಶಾಲೆ ಟ್ರಿಪ್‌ನಲ್ಲಿ ಶ್ರೀರಂಗಪಟ್ಟಣ ನೋಡಿರ್ತೀಯಲ್ಲ, 1799ರ ಮೇ 4ಕ್ಕೆ ಕೋಟೆ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರು ಅಲ್ಲಿಂದ ಹೊತ್ಕೊಂಡು ಬಂದಿದ್ದು. ನಾನು ಏನೋ ಭಯಂಕರವಾಗಿರುತ್ತೆ ಅಂದ್ಕೊಂಡು ಹೋದ್ರೆ, ನೋಡಿದ ತಕ್ಷಣ ಚನ್ನಪಟ್ಟಣದ ಗೊಂಬೆನ ದೊಡ್ಡದು ಮಾಡಿ ಇಟ್ಟಂಗೆ ಕಾಣ್ತು, ಹಂಗೇ ನಿಂತ್ಕೊಂಡು ನಕ್ಕೆ. ಹತ್ತು ನಿಮಿಷ ಆದ್ಮೇಲೆ ನಗು ಹೋಯ್ತು. ಉದ್ದ 178 ಸೆಂಟಿಮೀಟರ್, ಮರದ್ದು, ಮೇಲೆ ಬಣ್ಣ. ಟೋಪಿ ಹಾಕಿರೋ ಬಿಳಿಯನೊಬ್ಬ ಅಂಗಾತ ಮಲಗಿದಾನೆ, ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆ ಒಳಗೆ ಆರ್ಗನ್ ಕೊಳವೆಗಳಿವೆ, ಹಿಡಿ ತಿರುಗಿಸಿದ್ರೆ ಹುಲಿ ಗುರ್ ಅನ್ನುತ್ತೆ, ಅವನು ಕೈ ಎತ್ತಿ ನರಳ್ತಾನೆ. 1808ರಲ್ಲಿ ಲಂಡನ್ನಿನ ಕಂಪನಿ ಆಫೀಸಲ್ಲಿ ಜನ ನೋಡ್ಲಿ ಅಂತ ಇಟ್ರು, ನೋಡೋಕೆ ಬಂದೋರೆಲ್ಲ ಹಿಡಿ ತಿರುಗಿಸಿ ತಿರುಗಿಸಿ ಅಲ್ಲೇ ಲೈಬ್ರರೀಲಿ ಓದ್ತಿದ್ದೋರಿಗೆ ತಲೆ ಚಿಟ್ಟು ಹಿಡಿಸಿದ್ರಂತೆ, ಆಮೇಲೆ ಆ ಹಿಡೀನೇ ಕಾಣೆಯಾಯ್ತು. ಯಾರೋ ಓದೋ ಹುಡುಗನೇ ಕಿತ್ತಿರ್ತಾನೆ ಅಂತ ನನ್ನ ಅನುಮಾನ, ಪರೀಕ್ಷೆ ಟೈಮಲ್ಲಿ ಪಕ್ಕದ ರೂಮಿನ ಸ್ಪೀಕರ್ ಕೇಳಿಸ್ಕೊಂಡೋರಿಗೆ ಅರ್ಥ ಆಗುತ್ತೆ. ಹೋಗೋಕ್ ಮುಂಚೆ ಹುಲಿ ಪ್ರದರ್ಶನದಲ್ಲಿದೆಯಾ ಅಂತ ವೆಬ್‌ಸೈಟ್‌ನಲ್ಲಿ ಒಂದ್ಸಲ ನೋಡ್ಕೋ, ಗ್ಯಾಲರಿ ಕೆಲಸ ನಡೀತಾ ಇರ್ತವೆ.

12 ಮುಕ್ಕಾಲಿಗೆ ಅಲ್ಲಿಂದ ಎದ್ದು ಡಿಸ್ಟ್ರಿಕ್ಟ್ ಲೈನ್‌ನಲ್ಲಿ ಬ್ಲ್ಯಾಕ್‌ಫ್ರೈಯರ್ಸ್, ಸೇತುವೆ ಮೇಲೆ ನಡ್ಕೊಂಡು ಹೊಳೆ ದಾಟಿದ್ರೆ ಶೇಕ್ಸ್‌ಪಿಯರ್ ಗ್ಲೋಬ್ ನಾಟಕಶಾಲೆ. ಮಧ್ಯಾಹ್ನದ ಆಟಕ್ಕೆ ನಿಂತ್ಕೊಂಡು ನೋಡೋ ಟಿಕೆಟ್ ಮೊದಲೇ ಬುಕ್ ಮಾಡಿರು. ನಾನು ಹೋದಾಗ 5 ಪೌಂಡ್, ಈಗ ಜಾಸ್ತಿ ಆಗಿದ್ರೂ ನಿನ್ನ ಬಜೆಟ್ ಒಳಗೇ ಬರುತ್ತೆ. 1599ರ ಹಳೇ ಗ್ಲೋಬ್ ಇತ್ತಲ್ಲ, ಅದು 1613ರಲ್ಲಿ ನಾಟಕ ನಡೀವಾಗ ಫಿರಂಗಿ ಹಾರಿಸಿ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದು ಸುಟ್ಟೋಯ್ತು, ಒಬ್ಬನ ಚಡ್ಡಿಗೆ ಹತ್ತಿದ ಬೆಂಕೀನ ಬಿಯರ್ ಹುಯ್ದು ಆರಿಸಿದ್ರಂತೆ. ಈಗಿರೋದು 1997ರದ್ದು, ಇದಕ್ಕೂ ಹುಲ್ಲಿನ ಮಾಡೇ. ನಡುವೆ ನಾವು ನಿಲ್ಲೋ ಅಂಗಳಕ್ಕೆ ಮಾತ್ರ ಸೂರಿಲ್ಲ, ಮಳೆ ಬಂದ್ರೆ ನೆನೀಬೇಕು, ಕೊಡೆ ಬಿಚ್ಚೋಂಗಿಲ್ಲ, ಕೆಳಗೆ ಕೂರೋಂಗೂ ಇಲ್ಲ. ನಾನು ಪೂರ್ತಿ ನೆಂದೆ, ಹಳೇ ಇಂಗ್ಲಿಷು ಅರ್ಧಕ್ಕರ್ಧ ತಲೆ ಮೇಲೆ ಹೋಯ್ತು, ಆದ್ರೂ ಪಾತ್ರಧಾರಿ ಜನದ ಮಧ್ಯದಿಂದಾನೇ ಬಂದು ರಂಗ ಹತ್ತಿ, ಎದುರಿಗಿದ್ದೋರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಾಗ ಊರ ಜಾತ್ರೆಲಿ ಬಯಲಾಟ ನೋಡ್ದಂಗೇ ಆಯ್ತು. ಕಾಲು ನೋಯುತ್ತೆ, ಒಳ್ಳೇ ಶೂ ಹಾಕ್ಕೊಂಡ್ ಹೋಗು.

ಆಟ ಮುಗಿದ್ಮೇಲೆ ಹೊಳೆ ದಂಡೆ ಹಿಡ್ಕೊಂಡು ಪಶ್ಚಿಮಕ್ಕೆ ನಡಿ, ಗಂಟೆ ಹೊತ್ತು ಆಗುತ್ತೆ. ದಾರೀಲಿ ವಾಟರ್‌ಲೂ ಸೇತುವೆ ಕೆಳಗೆ ಹಳೇ ಪುಸ್ತಕದೋರು ಟೇಬಲ್ ಹಾಕ್ಕೊಂಡಿರ್ತಾರೆ, ಲಂಡನ್ ಐ ಕೆಳಗಿಂದ್ಲೇ ನೋಡ್ಕೋ ಸಾಕು, ಹತ್ತೋಕೆ ಹೋದ್ರೆ ಬಜೆಟ್‌ನ ದೊಡ್ಡ ಪಾಲು ಗಾಳಿಗೆ. ಬಿಗ್ ಬೆನ್ ಎದುರು ದಡದಲ್ಲಿ ತಾನಾಗೇ ಸಿಗುತ್ತೆ. ಈಚೆ ದಡದ ಗೋಡೆ ಉದ್ದಕ್ಕೂ ಕೆಂಪು ಹೃದಯಗಳು, ಕೋವಿಡ್‌ನಲ್ಲಿ ಹೋದೋರಿಗೆ ಅಂತ ಅವರ ಮನೆಯವರು 2021ರಲ್ಲಿ ಬಿಡಿಸೋಕೆ ಶುರು ಮಾಡಿದ್ದು, ಒಳಗೆ ಹೆಸರು ಬರೆದಿದಾರೆ. ಅಲ್ಲಿ ಮಾತ್ರ ಬೇಗ ನಡೀಬೇಡ. ಲ್ಯಾಂಬೆತ್ ಸೇತುವೆ ಹತ್ತದೆ ಈಚೆ ದಡದಲ್ಲೇ ಮುಂದೆ ಹೋದ್ರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನ ಮೂರ್ತಿ ಇದೆ. 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಅದರ ಹಿಂದೆ ಓಡಾಡಿದ್ದು ಕಲಬುರಗಿ ಕಡೆಯವರಾದ ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್. ಅನುಭವ ಮಂಟಪದ ಅಣ್ಣನ್ನ ಪಾರ್ಲಿಮೆಂಟ್ ಕಾಣೋ ಜಾಗದಲ್ಲೇ ಕೂರಿಸಿದಾರೆ, ನಂಗದು ಬಹಳ ಇಷ್ಟ ಆಯ್ತು. ಜೂನ್‌ನಲ್ಲಿ ರಾತ್ರಿ 9ರವರೆಗೂ ಬೆಳಕಿರುತ್ತೆ, ಬೆಂಚ್ ಸಿಕ್ರೆ ಡಬ್ಬಿ ಬಿಚ್ಚು. ಹೊಟ್ಟೆ ಇನ್ನೂ ಖಾಲಿ ಅಂದ್ರೆ ವಾಕ್ಸ್‌ಹಾಲ್‌ನಿಂದ ವಿಕ್ಟೋರಿಯಾ ಲೈನ್‌ನಲ್ಲಿ ಯೂಸ್ಟನ್‌ಗೆ ಬಾ, ಪಕ್ಕದ ಡ್ರಮ್ಮಂಡ್ ಸ್ಟ್ರೀಟ್‌ನಲ್ಲಿ ಇಂಡಿಯನ್ ವೆಜ್ ಹೋಟೆಲುಗಳಿವೆ, ದೋಸೆ ಸಿಗುತ್ತೆ. ಬೆಣ್ಣೆ ದೋಸೆಗೆ ಹೋಲಿಸಿ ಬೈಬೇಡ, ದಾವಣಗೆರೆಯವರು ಬೈದೇ ಬೈತೀರ. ಅಲ್ಲಿಂದ ಕಿಂಗ್ಸ್ ಕ್ರಾಸ್ ನಡೆಯೋ ದೂರ.

ಪ್ರಶ್ನೆ: ಮಗ ಮ್ಯಾಂಚೆಸ್ಟರ್‌ನಲ್ಲಿ ಓದ್ತಿದಾನೆ, ಸಾಲ ಮಾಡಿ ಕಳಿಸಿದೀವಿ. ಪ್ರತಿ ಭಾನುವಾರ ಎಲ್ಲಿಗೋ ಹೋಗಿ ಫೋಟೋ ಹಾಕ್ತಾನೆ. ಮೊನ್ನೆ ದೊಡ್ಡ ಚರ್ಚ್ ಒಳಗೆ ನಿಂತಿದ್ದ, ಕೆಳಗೆ ಜಾನ್ ರೈಲ್ಯಾಂಡ್ಸ್ ಅಂತ ಬರ್ದಿದ್ದ. ಓದ್ತಾನೋ ಇಲ್ವೋ ಅಂತ ಚಿಂತೆ. — ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಅದು ಚರ್ಚ್ ಅಲ್ಲ, ಲೈಬ್ರರಿ! ಬಟ್ಟೆ ವ್ಯಾಪಾರದಲ್ಲಿ ದುಡಿದ ಜಾನ್ ರೈಲ್ಯಾಂಡ್ಸ್ ನೆನಪಿಗೆ ಅವರ ಹೆಂಡತಿ ಕಟ್ಟಿಸಿದ್ದು, 1900ರಿಂದ ಜನಕ್ಕೆ ತೆರೆದಿದೆ, ಈಗ ಅಲ್ಲಿನ ಯೂನಿವರ್ಸಿಟಿಗೇ ಸೇರಿದೆ, ಒಳಗೆ ಹೋಗೋಕೆ ದುಡ್ಡೂ ಇಲ್ಲ. ಭಾನುವಾರ ಒಂದಿಷ್ಟು ಹೊತ್ತು ಹೊರಗೆ ಹೋಗ್ಲಿ ಬಿಡಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗೋ ಊರದು, ರೂಮಲ್ಲೇ ಕೂತ್ರೆ ತಲೆ ಕೆಡುತ್ತೆ, ನಂಗೆ ಕೆಟ್ಟಿತ್ತು. ಕೇಳೋದಿದ್ರೆ ಪಾರ್ಟ್ ಟೈಮ್ ಕೆಲಸ ವಾರಕ್ಕೆ 20 ಗಂಟೆ ಮೀರ್ತಿದೆಯಾ ಅಂತ ಕೇಳಿ, ಕಾಲೇಜು ನಡೆಯೋ ದಿನಗಳಲ್ಲಿ ಡಿಗ್ರಿ ಓದೋರಿಗೆ ವೀಸಾದಲ್ಲಿ ಅಷ್ಟೇ ಮಿತಿ.

ಪ್ರಶ್ನೆ: ಬ್ರಿಟನ್ ಸ್ಟೂಡೆಂಟ್ ವೀಸಾದಲ್ಲೇ ಒಂದು ದಿನ ಪ್ಯಾರಿಸ್‌ಗೆ ಹೋಗಿ ಬರ್ಬಹುದಾ? ರೈಲಲ್ಲಿ ಎರಡೂಕಾಲು ಗಂಟೆ ಅಷ್ಟೇ ಅಂತೆ.

ಉತ್ತರ: ಆಗಲ್ಲ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದ್ರೆ ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡೋ ವೀಸಾ, ಬೇರೇನೇ ಬೇಕು. ಅಲ್ಲಿ ಇಳಿದ್ಮೇಲೆ ನೋಡ್ಕೊಂಡ್ರಾಯ್ತು ಅನ್ನೋಂಗೂ ಇಲ್ಲ, ಫ್ರಾನ್ಸ್‌ನೋರ ಚೆಕಿಂಗ್ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ನಲ್ಲೇ ಆಗುತ್ತೆ. ನನ್ನ ರೂಮ್‌ಮೇಟ್ ಟಿಕೆಟ್ ತಗೊಂಡು ಲಿಪ್‌ಸ್ಟಿಕ್ ಹಾಕ್ಕೊಂಡು ಅಲ್ಲಿವರೆಗೂ ಹೋಗಿ ವಾಪಸ್ ಬಂದ್ಲು. ಹೊರಗೆ ಕೂತು ತಂದಿದ್ದ ಪುಳಿಯೋಗರೆ ತಿಂದು, ಅಲ್ಲೇ ಪಕ್ಕದ ಬ್ರಿಟಿಷ್ ಲೈಬ್ರರೀಲಿ ರಾಜನ ಅಧಿಕಾರಕ್ಕೂ ಮಿತಿ ಹಾಕಿದ ಹಳೇ ಪತ್ರ ಮ್ಯಾಗ್ನಾ ಕಾರ್ಟಾನ ಪುಕ್ಕಟೆ ನೋಡಿ ಸಮಾಧಾನ ಮಾಡ್ಕೊಂಡ್ಲಂತೆ.